ಧಮನಿ ತೆರೆಯಿತು, ರಕ್ತ ತಲುಪಿತೇ? ಆಂಜಿಯೊಪ್ಲಾಸ್ಟಿ ನಂತರದ ಹರಿವಿನ ಒಳಸುಳಿಗಳು

ಹೃದಯಾಘಾತಕ್ಕೆ ತುತ್ತಾದವರ ಬಂಧುಗಳು ಕ್ಯಾಥ್ ಲ್ಯಾಬ್‌ನ ಹೊರಗೆ ನಿಂತು ಕೇಳಬಯಸುವ ಮಾತು ಒಂದೇ: 'ಬ್ಲಾಕ್ ತೆಗೆದಾಯಿತು, ಸ್ಟೆಂಟ್ ಹಾಕಿದ್ದೇವೆ'. ಆ ಮಾತು ಕಿವಿಗೆ ಬಿದ್ದೊಡನೆ ಕಂಟಕ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಬಹುಪಾಲು ಪ್ರಕರಣಗಳಲ್ಲಿ ಈ ನೆಮ್ಮದಿಗೆ ಆಧಾರವೂ ಇದೆ. ಆದರೆ ಮುಚ್ಚಿದ್ದ ಧಮನಿ ತೆರೆಯುವುದು ಒಂದು ಸಂಗತಿ, ಆ ಧಮನಿಯ ಆಚೆಗಿರುವ ಹೃದಯದ ಸ್ನಾಯುವಿಗೆ ರಕ್ತ ತಲುಪುವುದು ಇನ್ನೊಂದು ಸಂಗತಿ. ಮೊದಲನೆಯದು ಸಾಧಿಸಿಯೂ ಎರಡನೆಯದು ಕೈಗೂಡದೆ ಹೋಗುವ ಸಂದರ್ಭಗಳು ಜನಸಾಮಾನ್ಯರು ಊಹಿಸುವುದಕ್ಕಿಂತ ಹೆಚ್ಚು. ಕಳೆದ ಐದು ದಶಕಗಳಿಂದ ಹೃದ್ರೋಗ ಶಾಸ್ತ್ರವನ್ನು ಕಾಡುತ್ತಿರುವ ಪ್ರಶ್ನೆಗಳಲ್ಲಿ ಇದೂ ಒಂದು.

ಹಳ್ಳಿಗೆ ನೀರು ತರುವ ನಾಲೆಯ ತೂಬನ್ನು ಎತ್ತಿದರೂ ಹೊಲದ ಸಾಲುಗಳಲ್ಲಿ ಹೂಳು ತುಂಬಿದ್ದರೆ ಪೈರಿಗೆ ನೀರು ಸಿಗುವುದಿಲ್ಲ. ಹೃದಯದಲ್ಲೂ ನಡೆಯುವುದು ಬಹುಮಟ್ಟಿಗೆ ಇದೇ.

ಹೃದಯಕ್ಕೂ ಬೇಕು ರಕ್ತ

ದೇಹಕ್ಕೆಲ್ಲ ರಕ್ತ ಒದಗಿಸುವ ಹೃದಯವು ತನ್ನ ಕೋಣೆಗಳಲ್ಲಿ ತುಂಬಿರುವ ರಕ್ತವನ್ನು ನೇರವಾಗಿ ಬಳಸಿಕೊಳ್ಳಲಾರದು. ಮಹಾಧಮನಿಯ ಬುಡದಲ್ಲಿ ಹುಟ್ಟುವ ಎರಡು ಕರೊನರಿ ಧಮನಿಗಳೇ ಅದರ ಆಧಾರ. ಎಡಗಡೆಯದು ಸ್ವಲ್ಪ ದೂರ ಸಾಗಿ ಎರಡಾಗಿ ಕವಲೊಡೆಯುವುದರಿಂದ ಮುಖ್ಯ ನಾಳಗಳು ಮೂರು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್, ಅಂದರೆ ಹೃದಯವು ಹೊರಹಾಕುವ ರಕ್ತದ ಸರಿಸುಮಾರು ಶೇ 5ರಷ್ಟು, ಈ ನಾಳಗಳ ಮೂಲಕ ಹೃದಯಕ್ಕೇ ಮರಳುತ್ತದೆ.

ಈ ವ್ಯವಸ್ಥೆಗೆ ಎರಡು ವಿಶೇಷಗಳಿವೆ. ದೇಹದ ಇತರ ಅಂಗಗಳು ತಮ್ಮ ಬಳಿ ಬಂದ ರಕ್ತದಿಂದ ಆಮ್ಲಜನಕದ ಒಂದು ಪಾಲನ್ನಷ್ಟೇ ಹೀರಿಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತವೆ. ಹೃದಯದ ಸ್ನಾಯುವಾದರೋ ವಿಶ್ರಾಂತಿಯಲ್ಲೇ ಶೇ 70ರಿಂದ 80ರಷ್ಟು ಆಮ್ಲಜನಕವನ್ನು ಹೀರಿಬಿಡುತ್ತದೆ. ಹೆಚ್ಚು ಆಮ್ಲಜನಕ ಬೇಕೆಂದಾಗ ಹೆಚ್ಚು ರಕ್ತವನ್ನೇ ತರಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಆರೋಗ್ಯವಂತರಲ್ಲಿ ಓಡುವಾಗ, ಭಾರ ಎತ್ತುವಾಗ ಈ ಹರಿವು ನಾಲ್ಕೈದು ಪಟ್ಟು ಏರಬಲ್ಲದು. ಎರಡನೆಯ ವಿಶೇಷವೆಂದರೆ, ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹರಿಯುವುದು ಮುಖ್ಯವಾಗಿ ಅದು ಸಡಿಲಗೊಂಡಾಗ. ಸಂಕುಚನದ ವೇಳೆ ಸ್ನಾಯು ತನ್ನೊಳಗಿನ ಕಿರುನಾಳಗಳನ್ನು ತಾನೇ ಹಿಂಡಿ ಮುಚ್ಚುತ್ತದೆ. ಹೃದಯದ ಬಡಿತ ವಿಪರೀತ ಏರಿದಾಗ ಮೊದಲು ಕಡಿಮೆಯಾಗುವುದು ಈ ಸಡಿಲಿಕೆಯ ಅವಧಿಯೇ. ಆದ್ದರಿಂದ ಆಂಜಿಯೊಪ್ಲಾಸ್ಟಿಯ ನಂತರ ರೋಗಿಯ ನಾಡಿಬಡಿತ, ರಕ್ತದೊತ್ತಡಗಳ ಮೇಲೆ ತೀವ್ರ ನಿಗಾ ಘಟಕದಲ್ಲಿ ಕಣ್ಣಿಟ್ಟಿರುತ್ತಾರೆ. ಕೆಳಗಿನ ರಕ್ತದೊತ್ತಡ ಕುಸಿದರೆ, ಎಷ್ಟೇ ಚೆನ್ನಾಗಿ ಸ್ಟೆಂಟ್ ಕೂರಿಸಿದ್ದರೂ, ಧಮನಿಗೆ ರಕ್ತ ನೂಕುವ ಬಲ ಉಳಿಯುವುದಿಲ್ಲ.

ನಾಳದ ಅಗಲದ ಲೆಕ್ಕವೂ ತುಸು ವಿಚಿತ್ರವೇ. ಭೌತಶಾಸ್ತ್ರದ ಪ್ವಾಸೆ ನಿಯಮದ ಪ್ರಕಾರ ಕೊಳವೆಯೊಂದರ ತ್ರಿಜ್ಯ ಅರ್ಧಕ್ಕಿಳಿದರೆ, ಒತ್ತಡ ಅಷ್ಟೇ ಇದ್ದಲ್ಲಿ, ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯಬೇಕು. ಆದರೆ ಜೀವಂತ ಹೃದಯ ಬರೀ ಕೊಳವೆಯಲ್ಲ. ಮುಂದಿರುವ ಕಿರುಧಮನಿಗಳು ತಾವೇ ಹಿಗ್ಗಿ ಕೊರತೆಯನ್ನು ತುಂಬಿಕೊಡುತ್ತವೆ. ಅಮೆರಿಕದ ಲ್ಯಾನ್ಸ್ ಗೌಲ್ಡ್ ಅವರು 1974ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದಂತೆ, ವಿಶ್ರಾಂತಿಯಲ್ಲಿನ ಹರಿವು ನಾಳದ ವ್ಯಾಸ ಸುಮಾರು ಶೇ 85ರಷ್ಟು ಕಿರಿದಾಗುವವರೆಗೂ ಇಳಿಯುವುದಿಲ್ಲ. ಶ್ರಮದ ವೇಳೆಗೆ ಬೇಕಾಗುವ ಹೆಚ್ಚುವರಿ ಹರಿವು ಮಾತ್ರ ಶೇ 50ರ ಆಸುಪಾಸಿನಲ್ಲೇ ಕುಗ್ಗತೊಡಗುತ್ತದೆ. ಕುಳಿತಾಗ ಇಲ್ಲದ ಎದೆನೋವು ಮಹಡಿ ಮೆಟ್ಟಿಲು ಹತ್ತುವಾಗ ಕಾಣಿಸಿಕೊಳ್ಳುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಈ ಕಿರುಧಮನಿಗಳ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅವುಗಳದ್ದೇ.

ಬಲೂನಿನಿಂದ ಸ್ಟೆಂಟಿನವರೆಗೆ

ಜರ್ಮನಿಯಲ್ಲಿ ಹುಟ್ಟಿದ ವೈದ್ಯ ಆಂಡ್ರಿಯಾಸ್ ಗ್ರುಯೆಂಟ್ಸಿಗ್ ಅವರು 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್‌ನಲ್ಲಿ ಎಚ್ಚರದಲ್ಲಿದ್ದ ರೋಗಿಯೊಬ್ಬರ ಕರೊನರಿ ಧಮನಿಯೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ ಅಡೆತಡೆಯನ್ನು ಅಗಲಿಸಿದರು. ಎದೆ ಸೀಳದೆ ಹೃದಯದ ನಾಳವನ್ನು ಸರಿಪಡಿಸುವ ಯುಗ ಅಲ್ಲಿಂದ ಆರಂಭವಾಯಿತು. ಬಲೂನು ತೆಗೆದ ಮೇಲೆ ನಾಳ ಮತ್ತೆ ಕುಸಿಯುವುದನ್ನು ತಡೆಯಲು ಲೋಹದ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಬಂದದ್ದು 1986ರಲ್ಲಿ. ಫ್ರಾನ್ಸ್‌ನ ತುಲೂಸ್‌ನಲ್ಲಿ ಜಾಕ್ ಪುಯೆಲ್ ಹಾಗೂ ಸ್ವಿಟ್ಜರ್‌ಲೆಂಡ್‌ನ ಲೊಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಅದರ ಮೊದಲ ಪ್ರಯೋಗಕಾರರು. ಔಷಧ ಲೇಪಿತ ಸ್ಟೆಂಟ್‌ಗಳಿಗೆ ಯುರೋಪಿನಲ್ಲಿ 2002ರಲ್ಲಿ, ಅಮೆರಿಕದಲ್ಲಿ 2003ರಲ್ಲಿ ಅನುಮತಿ ದೊರೆಯಿತು.

ಹೃದಯಾಘಾತ ನಡೆಯುತ್ತಿರುವಾಗಲೇ ಮಾಡುವ ತುರ್ತು ಆಂಜಿಯೊಪ್ಲಾಸ್ಟಿಯು ಹೆಪ್ಪು ಕರಗಿಸುವ ಚುಚ್ಚುಮದ್ದಿಗಿಂತ ಉತ್ತಮ ಎಂಬುದನ್ನು 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಸ್ಥಿರಪಡಿಸಿತು. ಆದರೆ ಉತ್ತಮ ಎಂದರೆ ಪರಿಪೂರ್ಣ ಎಂದಲ್ಲ.

ಹರಿವನ್ನು ಅಳೆಯುವುದು ಹೇಗೆ?

ಆಂಜಿಯೊಗ್ರಾಂ ಪರದೆಯ ಮೇಲೆ ಬಣ್ಣದ ದ್ರವ ಹರಿದುಹೋಗುವುದನ್ನು ನೋಡಿ ವೈದ್ಯರು 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. 1985ರಲ್ಲಿ ಇದನ್ನು ರೂಪಿಸಿದ ಅಮೆರಿಕದ ಸಂಶೋಧನಾ ತಂಡದ ಹೆಸರಿನ ಮೇರೆಗೆ ಇದು 'ಟಿಮಿ' ದರ್ಜೆ ಎಂದೇ ಪ್ರಸಿದ್ಧ. ಅಡೆತಡೆಯ ಆಚೆಗೆ ಏನೂ ಹೋಗದಿದ್ದರೆ 0, ತುಸು ಜಿನುಗಿ ನಿಂತರೆ 1, ತುದಿಯವರೆಗೆ ತಲುಪಿದರೂ ನಿಧಾನವಾದರೆ 2, ಸಹಜ ವೇಗದಲ್ಲಿ ಹರಿದರೆ 3. ಎರಡಕ್ಕೂ ಮೂರಕ್ಕೂ ಏನು ಮಹಾ ವ್ಯತ್ಯಾಸ ಎನಿಸಬಹುದು. 1993ರಲ್ಲಿ ಪ್ರಕಟವಾದ 'ಗುಸ್ಟೊ' ಆಂಜಿಯೊಗ್ರಾಂ ಅಧ್ಯಯನದಲ್ಲಿ ಹೆಪ್ಪು ಕರಗಿಸುವ ಔಷಧ ಪಡೆದು 90 ನಿಮಿಷದ ಹೊತ್ತಿಗೆ ಸಹಜ ಹರಿವು ಮರಳಿದ್ದವರಲ್ಲಿ 30 ದಿನಗಳೊಳಗಿನ ಸಾವಿನ ಪ್ರಮಾಣ ಶೇ 4.4, ಹರಿವೇ ಇಲ್ಲದವರಲ್ಲಿ ಶೇ 8.9. ನಿಧಾನ ಹರಿವಿನವರ ಫಲಿತಾಂಶ ಈ ಎರಡನೆಯ ಗುಂಪಿಗೇ ಹೆಚ್ಚು ಹತ್ತಿರವಾಗಿತ್ತು. ಅರೆಬರೆ ಹರಿವನ್ನು ಯಶಸ್ಸೆಂದು ಬರೆದುಕೊಳ್ಳುವ ರೂಢಿ ಅಲ್ಲಿಗೆ ನಿಂತಿತು.

ಕಣ್ಣಂದಾಜಿನ ಈ ದರ್ಜೆಗೆ ಇನ್ನಷ್ಟು ಖಚಿತತೆ ತರಲು 1996ರಲ್ಲಿ ಮೈಕೆಲ್ ಗಿಬ್ಸನ್ ಮತ್ತು ಸಂಗಡಿಗರು ಚಿತ್ರದ ಚೌಕಟ್ಟುಗಳನ್ನೇ ಎಣಿಸುವ ವಿಧಾನ ತಂದರು. ಬಣ್ಣವು ಧಮನಿಯ ನಿಗದಿತ ತುದಿ ಮುಟ್ಟಲು ಸೆಕೆಂಡಿಗೆ 30ರಂತೆ ತೆಗೆದ ಎಷ್ಟು ಚೌಕಟ್ಟುಗಳು ಬೇಕಾದವು ಎಂಬುದೇ ಅಳತೆ. ಎಡ ಮುಂಭಾಗದ ಧಮನಿ ಉಳಿದವುಗಳಿಗಿಂತ ಉದ್ದವಾದ್ದರಿಂದ ಅದರ ಎಣಿಕೆಯನ್ನು 1.7ರಿಂದ ಭಾಗಿಸುತ್ತಾರೆ. ಸಹಜ ಸಂಖ್ಯೆ ಸುಮಾರು 21.

ಇಷ್ಟಾದರೂ ಇವೆಲ್ಲ ದೊಡ್ಡ ನಾಳದ ಲೆಕ್ಕವೇ. ಸ್ನಾಯುವಿನೊಳಗೆ ಏನಾಯಿತು? ಜಪಾನಿನ ಹಿರೋಷಿ ಇಟೊ ಮತ್ತು ಸಂಗಡಿಗರು 1992ರಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಹರಿಸಿ ಎಕೊ ಮೂಲಕ ನೋಡಿದಾಗ, ಧಮನಿ ತೆರೆದಿದ್ದ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರ ಹೃದಯ ಸ್ನಾಯುವಿಗೆ ರಕ್ತ ಸರಿಯಾಗಿ ಮುಟ್ಟಿರಲಿಲ್ಲ. ನೆದರ್‌ಲೆಂಡ್ಸ್‌ನ ಜ್ವೊಲೆ ನಗರದ ವೈದ್ಯರು 1998ರಲ್ಲಿ ಇನ್ನೊಂದು ದಾರಿ ತೋರಿಸಿದರು. ಆಂಜಿಯೊಗ್ರಾಂನಲ್ಲಿ ಬಣ್ಣವು ಸ್ನಾಯುವಿಗೆ ಇಳಿದು ಮಸುಕಾಗಿ ಹರಡುವ 'ಕೆಂಪೇರುವಿಕೆ'ಗೆ ಅವರು ದರ್ಜೆ ನಿಗದಿಪಡಿಸಿದರು. ಚೆನ್ನಾಗಿ ಹರಡಿದವರಲ್ಲಿ ನಂತರದ ಅವಧಿಯ ಸಾವು ಶೇ 3, ಮಧ್ಯಮದವರಲ್ಲಿ ಶೇ 6, ಬಹುತೇಕ ಹರಡದವರಲ್ಲಿ ಶೇ 23. ಇಂದು ಎಂಆರ್‌ಐ ಯಂತ್ರ ಈ ಕತ್ತಲ ಪ್ರದೇಶಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ದೊಡ್ಡ ಹೃದಯಾಘಾತಕ್ಕೆ ತುರ್ತು ಆಂಜಿಯೊಪ್ಲಾಸ್ಟಿ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದ ಕಿರುನಾಳ ಅಡಚಣೆ ಇರುತ್ತದೆಂದು ಅಂಥ ಅಧ್ಯಯನಗಳು ಹೇಳುತ್ತವೆ.

ಎಲ್ಲ ಊರುಗಳಲ್ಲೂ ಎಂಆರ್‌ಐ ಎಲ್ಲಿಂದ ಬರಬೇಕು ಎಂದು ಓದುಗರು ಕೇಳಬಹುದು. ಅಗ್ಗದ ಅಳತೆಗೋಲೊಂದು ಎಲ್ಲ ಆಸ್ಪತ್ರೆಗಳಲ್ಲೂ ಇದೆ, ಅದೇ ಇಸಿಜಿ. ಹೃದಯಾಘಾತದಲ್ಲಿ ಮೇಲೆದ್ದ 'ಎಸ್‌ಟಿ' ರೇಖೆ ಚಿಕಿತ್ಸೆಯಾದ ಒಂದರಿಂದ ಒಂದೂವರೆ ಗಂಟೆಯೊಳಗೆ ಶೇ 70ಕ್ಕಿಂತ ಹೆಚ್ಚು ಕೆಳಗಿಳಿದರೆ ಸ್ನಾಯುವಿಗೆ ರಕ್ತ ತಲುಪಿದೆ ಎನ್ನಬಹುದು. ಪರದೆಯ ಮೇಲೆ ಧಮನಿ ಅಂದವಾಗಿ ತೆರೆದು ಕಂಡರೂ ಈ ರೇಖೆ ಹಾಗೆಯೇ ನಿಂತಿದ್ದರೆ ವೈದ್ಯರ ಹುಬ್ಬು ಗಂಟಿಕ್ಕುತ್ತದೆ.

'ನೋ-ರಿಫ್ಲೋ' ಎಂಬ ಒಗಟು

ಧಮನಿ ತೆರೆದರೂ ಹರಿವು ಮರಳದ ಈ ಸ್ಥಿತಿಗೆ ವೈದ್ಯರು 'ನೋ-ರಿಫ್ಲೋ' ಎನ್ನುತ್ತಾರೆ. ಮಿದುಳಿನ ಮೇಲಿನ ಪ್ರಯೋಗಗಳಲ್ಲಿ ಮೊದಲು ಬಳಕೆಗೆ ಬಂದ ಮಾತಿದು. ಹೃದಯದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದವರು ರಾಬರ್ಟ್ ಕ್ಲೋನರ್ ಮತ್ತು ಸಂಗಡಿಗರು. 1974ರಲ್ಲಿ ಅವರು ನಾಯಿಗಳ ಕರೊನರಿ ಧಮನಿಯನ್ನು ಕಟ್ಟಿ ನಂತರ ಬಿಚ್ಚಿದರು. 40 ನಿಮಿಷ ಕಟ್ಟಿ ಬಿಚ್ಚಿದಾಗ ರಕ್ತ ಎಲ್ಲೆಡೆ ಮರಳಿತು. 90 ನಿಮಿಷ ಕಟ್ಟಿ ಬಿಚ್ಚಿದಾಗ ಸ್ನಾಯುವಿನ ಒಳಪದರದ ಭಾಗಗಳಿಗೆ ಹರಿವು ಮರಳಲೇ ಇಲ್ಲ. ಧಮನಿಯಲ್ಲಿ ಆಗ ಯಾವ ತಡೆಯೂ ಇರಲಿಲ್ಲ. ಸೂಕ್ಷ್ಮದರ್ಶಕದಡಿ ನೋಡಿದರೆ ಲೋಮನಾಳಗಳ ಒಳಗೋಡೆ ಊದಿಕೊಂಡು, ಗುಳ್ಳೆಗಳೆದ್ದು, ದಾರಿ ಮುಚ್ಚಿತ್ತು.

ಈ ಪ್ರಯೋಗದಿಂದ ಹೊರಬಿದ್ದ ಮೊದಲ ಸತ್ಯವೆಂದರೆ, ಹರಿವನ್ನು ನಿರ್ಧರಿಸುವ ಸಂಗತಿಗಳಲ್ಲಿ ಅಗ್ರಸ್ಥಾನ ಕಾಲದ್ದು. ಸ್ನಾಯುವಿನ ಸಾವು ಒಳಪದರದಿಂದ ಹೊರಪದರಕ್ಕೆ ಅಲೆಯಂತೆ ಹಬ್ಬುತ್ತದೆ ಎಂಬುದನ್ನು ರೀಮರ್ ಮತ್ತು ಜೆನ್ನಿಂಗ್ಸ್ 1977ರಲ್ಲಿ ತೋರಿಸಿದರು. ತಡವಾದಷ್ಟೂ ಸಾಯುವುದು ಸ್ನಾಯು ಮಾತ್ರವಲ್ಲ, ಅದಕ್ಕೆ ರಕ್ತ ಒಯ್ಯುವ ಕಿರುನಾಳಗಳೂ ಸಾಯುತ್ತವೆ. ರಾತ್ರಿ ಎದೆನೋವನ್ನು 'ಗ್ಯಾಸ್ಟ್ರಿಕ್' ಎಂದು ಬಗೆದು ಬೆಳಗಿನವರೆಗೆ ಕಾಯುವ ನಮ್ಮ ಮನೆಗಳ ಅಭ್ಯಾಸಕ್ಕೆ ಹೃದಯ ತೆರುವ ಬೆಲೆ ಇದು. ಆಸ್ಪತ್ರೆ ಮುಟ್ಟಿದ ಬಳಿಕ 90 ನಿಮಿಷದೊಳಗೆ ಧಮನಿ ತೆರೆಯಬೇಕೆಂಬ ಸಾಮಾನ್ಯ ಗುರಿಯನ್ನು ಅತ್ಯುತ್ತಮ ಆಸ್ಪತ್ರೆ ಪಾಲಿಸಿದರೂ ಮನೆಯಲ್ಲಿ ಕಳೆದುಹೋದ ಆರು ಗಂಟೆಗಳನ್ನು ಅದು ವಾಪಸು ತರಲಾರದು.

ಕರ್ನಾಟಕದಂತಹ ವಿಶಾಲ ರಾಜ್ಯದಲ್ಲಿ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೆ ಎರಡು ಗಂಟೆಯೊಳಗೆ ತಲುಪಲಾಗದ ತಾಲ್ಲೂಕುಗಳು ಅನೇಕ. ಅಂಥ ಕಡೆ ಮೊದಲು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸಿ ಒಂದು ದಿನದೊಳಗೆ ಆಂಜಿಯೊಗ್ರಾಂ ಮಾಡುವುದು ಮಾನ್ಯವಾದ ಕ್ರಮ. 2013ರ 'ಸ್ಟ್ರೀಮ್' ಪ್ರಯೋಗ ಇದಕ್ಕೆ ಬಲ ನೀಡಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಒದಗಿಸುವ, 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಹಿಂದಿರುವ ತರ್ಕವೂ ಇದೇ. ಕಿರುನಾಳಗಳು ಜೀವಂತವಾಗಿರುವಾಗಲೇ ಹೆಪ್ಪು ಕರಗಿದರೆ, ಮುಂದೆ ಹಾಕುವ ಸ್ಟೆಂಟ್‌ಗೆ ಅರ್ಥವಿರುತ್ತದೆ.

ಎರಡನೆಯ ಸಂಗತಿ ಕಸ. ಬಲೂನು ಉಬ್ಬಿದಾಗ ಧಮನಿಯ ಗೋಡೆಯಲ್ಲಿದ್ದ ಕೊಬ್ಬಿನ ಗಡ್ಡೆ ಒಡೆದು ಅದರ ಚೂರುಗಳು, ಕೊಲೆಸ್ಟೆರಾಲ್ ಹರಳುಗಳು, ಹೆಪ್ಪಿನ ತುಣುಕುಗಳು ಮುಂದಕ್ಕೆ ತೇಲಿಹೋಗಿ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹೆಪ್ಪು ದೊಡ್ಡದಿದ್ದಷ್ಟೂ, ಗಡ್ಡೆಯಲ್ಲಿ ಕೊಬ್ಬು ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಹಿಂದೆ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನಿಂದ ತೆಗೆದು ಜೋಡಿಸಿದ್ದ ಅಭಿಧಮನಿ ಹಳತಾಗಿ ಮುಚ್ಚಿಕೊಂಡು, ಅದಕ್ಕೆ ಸ್ಟೆಂಟ್ ಹಾಕಬೇಕಾದಾಗ ಈ ಕಸದ ಸಮಸ್ಯೆ ವಿಪರೀತವಾಗುತ್ತದೆ. 801 ರೋಗಿಗಳಿದ್ದ 2002ರ 'ಸೇಫರ್' ಪ್ರಯೋಗದಲ್ಲಿ ಮುಂದಿನ ನಾಳಕ್ಕೆ ತಾತ್ಕಾಲಿಕ ತಡೆಯೊಡ್ಡಿ ಕಸವನ್ನು ಹೊರಗೆಳೆದಾಗ 30 ದಿನಗಳೊಳಗಿನ ದೊಡ್ಡ ತೊಡಕುಗಳು ಶೇ 16.5ರಿಂದ ಶೇ 9.6ಕ್ಕೆ ಇಳಿದವು. ಗಟ್ಟಿಯಾದ ಸುಣ್ಣದ ಪದರವನ್ನು ವಜ್ರಲೇಪಿತ ಬೈರಿಗೆಯಿಂದ ತೇಯುವಾಗಲೂ ಹರಿವು ನಿಧಾನಗೊಳ್ಳುವುದು ಉಂಟು. ಅದಕ್ಕೆಂದೇ ವೈದ್ಯರು ಒಂದೇ ಸಲಕ್ಕೆ ಹೆಚ್ಚು ಹೊತ್ತು ತೇಯುವುದಿಲ್ಲ.

ಮೂರನೆಯದು, ಮರಳಿದ ರಕ್ತವೇ ತರುವ ಹಾನಿ. ಕೇಳಲು ವಿರೋಧಾಭಾಸ. ಹಸಿದ ಸ್ನಾಯುವಿಗೆ ಆಮ್ಲಜನಕ ದಿಢೀರನೆ ನುಗ್ಗಿದಾಗ ಹಾನಿಕಾರಕ ಆಮ್ಲಜನಕ ಕಣಗಳು ಉತ್ಪತ್ತಿಯಾಗುತ್ತವೆ, ಜೀವಕೋಶಗಳೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ, ಬಿಳಿ ರಕ್ತಕಣಗಳು ಧಾವಿಸಿ ಕಿರುನಾಳಗಳಿಗೆ ಅಂಟಿಕೊಳ್ಳುತ್ತವೆ. ಸ್ನಾಯು ಊದಿಕೊಂಡು ತನ್ನೊಳಗಿನ ನಾಳಗಳನ್ನು ಹೊರಗಿನಿಂದಲೂ ಒತ್ತುತ್ತದೆ. ಗೋಡೆ ಶಿಥಿಲವಾದ ಲೋಮನಾಳಗಳು ಒಡೆದು ಸ್ನಾಯುವಿನೊಳಗೇ ರಕ್ತಸ್ರಾವವಾಗುವುದೂ ಇದೆ. ಇವೆಲ್ಲದರ ಜತೆಗೆ ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ರಾಸಾಯನಿಕಗಳಿಂದ ಕಿರುಧಮನಿಗಳು ಸೆಟೆದುಕೊಳ್ಳುತ್ತವೆ.

ನಾಲ್ಕನೆಯದು ರೋಗಿಯ ದೇಹ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಧೂಮಪಾನಗಳಿಗೆ ಒಡ್ಡಿಕೊಂಡ ಕಿರುನಾಳಗಳಿಗೆ ಹಿಗ್ಗುವ ಶಕ್ತಿ ಮೊದಲೇ ಕುಂದಿರುತ್ತದೆ. ಹೃದಯಾಘಾತದ ಹೊತ್ತಿನಲ್ಲಿ ರಕ್ತದ ಸಕ್ಕರೆ ಏರಿದ್ದವರಲ್ಲಿ ನೋ-ರಿಫ್ಲೋ ಹೆಚ್ಚೆಂದು ಅಧ್ಯಯನಗಳು ಕಂಡುಕೊಂಡಿವೆ. ಇದಕ್ಕೆ ತದ್ವಿರುದ್ಧವಾಗಿ, ಹೃದಯಾಘಾತಕ್ಕೆ ಮುಂಚಿನ ದಿನಗಳಲ್ಲಿ ಆಗಾಗ ಎದೆನೋವು ಬಂದುಹೋದವರಲ್ಲಿ ಹಾನಿ ಕೆಲವೊಮ್ಮೆ ಕಡಿಮೆಯಿರುತ್ತದೆ. ಪುಟ್ಟ ಪುಟ್ಟ ಕೊರತೆಗಳನ್ನು ಉಂಡ ಸ್ನಾಯು ದೊಡ್ಡ ಕೊರತೆಗೆ ತಕ್ಕಮಟ್ಟಿಗೆ ಪಳಗಿರುತ್ತದೆ ಎಂಬುದು ಇದರ ವಿವರಣೆ.

ಸೋತ ಮದ್ದುಗಳ ಪಟ್ಟಿ

ಕ್ಯಾಥ್ ಲ್ಯಾಬ್‌ನಲ್ಲಿ ಹರಿವು ನಿಂತಾಗ ವೈದ್ಯರು ಕೈಕಟ್ಟಿ ಕೂರುವುದಿಲ್ಲ. ಅಡಿನೊಸಿನ್, ನೈಟ್ರೊಪ್ರುಸೈಡ್, ವೆರಾಪಾಮಿಲ್, ನಿಕೊರಾಂಡಿಲ್ ಮೊದಲಾದ ಔಷಧಗಳನ್ನು ಸಣ್ಣ ಕ್ಯಾಥೆಟರ್ ಮೂಲಕ ನೇರವಾಗಿ ಧಮನಿಯೊಳಗೆ ಬಿಟ್ಟು ಕಿರುನಾಳಗಳನ್ನು ಹಿಗ್ಗಿಸಲು ಯತ್ನಿಸುತ್ತಾರೆ. ಅನೇಕ ವೇಳೆ ಪರದೆಯ ಮೇಲೆ ಹರಿವು ಸುಧಾರಿಸುತ್ತದೆ. ಆದರೆ ಎಲ್ಲರಿಗೂ ಮುಂಜಾಗ್ರತೆಯಾಗಿ ಇವನ್ನು ಕೊಟ್ಟರೆ ಜೀವ ಉಳಿಯುವುದು ಹೆಚ್ಚುತ್ತದೆಯೇ ಎಂದು ಕೇಳಿದರೆ, ದೊಡ್ಡ ಪ್ರಯೋಗಗಳಿಂದ ದೃಢವಾದ 'ಹೌದು' ಬಂದಿಲ್ಲ.

ಹೆಪ್ಪನ್ನು ಹೀರಿ ತೆಗೆಯುವ ಕ್ಯಾಥೆಟರ್‌ನ ಕಥೆ ಇನ್ನೂ ಬೋಧಪ್ರದ. ಕಸ ಮುಂದಕ್ಕೆ ಹೋಗುವ ಮುನ್ನವೇ ಹೀರಿಬಿಟ್ಟರೆ ಆಯಿತಲ್ಲ ಎಂಬ ಆಲೋಚನೆ ಯಾರಿಗಾದರೂ ಒಪ್ಪಿಗೆಯಾಗುವಂಥದ್ದು. 2008ರಲ್ಲಿ ನೆದರ್‌ಲೆಂಡ್ಸ್‌ನ 'ಟಾಪಾಸ್' ಪ್ರಯೋಗ 1,071 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ, ಒಂದು ವರ್ಷದೊಳಗಿನ ಹೃದಯ ಸಂಬಂಧಿ ಸಾವು ಶೇ 6.7ರ ಬದಲು ಶೇ 3.6ಕ್ಕಿಳಿಯಿತೆಂದು ವರದಿ ಮಾಡಿತು. ಜಗತ್ತಿನಾದ್ಯಂತ ಕ್ಯಾಥ್ ಲ್ಯಾಬ್‌ಗಳು ಆ ಸಾಧನವನ್ನು ತರಿಸಿಕೊಂಡವು. ಐದು ವರ್ಷದ ಬಳಿಕ 7,244 ರೋಗಿಗಳಿದ್ದ 'ಟೇಸ್ಟ್' ಪ್ರಯೋಗದಲ್ಲಿ 30 ದಿನಗಳೊಳಗಿನ ಸಾವು ಹೀರಿದವರಲ್ಲಿ ಶೇ 2.8, ಹೀರದವರಲ್ಲಿ ಶೇ 3.0, ಅಂದರೆ ವ್ಯತ್ಯಾಸವೇ ಇಲ್ಲ. 2015ರಲ್ಲಿ 10,732 ರೋಗಿಗಳಿದ್ದ 'ಟೋಟಲ್' ಪ್ರಯೋಗ ಲಾಭವಿಲ್ಲ ಎಂದಷ್ಟೇ ಹೇಳದೆ, ಪಾರ್ಶ್ವವಾಯು ಶೇ 0.3ರಿಂದ ಶೇ 0.7ಕ್ಕೆ ಏರಿದ್ದನ್ನೂ ತೋರಿಸಿತು. ಈಗ ಎಲ್ಲರಿಗೂ ಹೀರುವ ಪದ್ಧತಿಯನ್ನು ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಭಾರಿ ಹೆಪ್ಪು ಕಂಡ ಆಯ್ದ ರೋಗಿಗಳಲ್ಲಿ ವೈದ್ಯರ ವಿವೇಚನೆಗೆ ಬಿಡಲಾಗಿದೆ.

ಮರುಹರಿವಿನ ಹಾನಿ ತಡೆಯಲು 970 ರೋಗಿಗಳಿಗೆ ಸೈಕ್ಲೊಸ್ಪೊರಿನ್ ಅಥವಾ ಹುಸಿ ಔಷಧ ಕೊಟ್ಟು ನೋಡಿದ 'ಸರ್ಕಸ್' ಪ್ರಯೋಗ 2015ರಲ್ಲಿ ವಿಫಲವಾಯಿತು. ಧಮನಿ ತೆರೆದು ಒಂದೆರಡು ದಿನ ಬಿಟ್ಟು ಸ್ಟೆಂಟ್ ಹಾಕಿದರೆ ಕಸ ಕಡಿಮೆಯಾದೀತೇ ಎಂದು ಡೆನ್ಮಾರ್ಕ್‌ನಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಫಲವಿಲ್ಲ. ಹೆಪ್ಪು ಕರಗಿಸುವ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಧಮನಿಯೊಳಗೇ ಬಿಟ್ಟ 2019ರ 'ಟಿ-ಟೈಮ್' ಪ್ರಯೋಗದಲ್ಲಿ ಕಿರುನಾಳ ಅಡಚಣೆ ಇಳಿಯಲಿಲ್ಲ. ತೋಳಿಗೆ ಪಟ್ಟಿ ಬಿಗಿದು ಬಿಡುವ ಮೂಲಕ ಹೃದಯವನ್ನು ಪಳಗಿಸುವ ಉಪಾಯವೂ ಅದೇ ವರ್ಷ ದೊಡ್ಡ ಪ್ರಯೋಗದಲ್ಲಿ ಸೋತಿತು. ಪ್ರಾಣಿಗಳಲ್ಲಿ ಫಲಿಸಿದ್ದೆಲ್ಲ ಮನುಷ್ಯರಲ್ಲಿ ಕೈಕೊಡುತ್ತಿರುವುದಕ್ಕೆ ಒಂದು ಕಾರಣ ಸ್ಪಷ್ಟ: ಮೇಲೆ ಹೇಳಿದ ನಾಲ್ಕೂ ಸಂಗತಿಗಳು ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ಪ್ರಮಾಣದಲ್ಲಿ ಬೆರೆತಿರುತ್ತವೆ, ಒಂದೇ ಮದ್ದು ಎಲ್ಲಕ್ಕೂ ಉತ್ತರವಾಗದು.

ಹೃದಯವೇ ಸೋತು ರಕ್ತದೊತ್ತಡ ಕುಸಿದ ರೋಗಿಗಳದ್ದು ಬೇರೆಯೇ ಸಮಸ್ಯೆ. ಮಹಾಧಮನಿಯಲ್ಲಿ ಬಲೂನು ಪಂಪು ಇಟ್ಟು ಹರಿವಿಗೆ ಒತ್ತಾಸೆ ನೀಡುವುದು ದಶಕಗಳ ರೂಢಿಯಾಗಿತ್ತು. 600 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದ 2012ರ ಪ್ರಯೋಗ ಅದರಿಂದ ಜೀವ ಉಳಿಯುವುದು ಹೆಚ್ಚಲಿಲ್ಲ ಎಂದು ಕಂಡುಕೊಂಡಿತು. ಹೃತ್ಕುಕ್ಷಿಯೊಳಗೆ ಕೂರಿಸುವ ಸೂಕ್ಷ್ಮ ಪಂಪಿನಿಂದ ಆಯ್ದ ರೋಗಿಗಳಲ್ಲಿ 180 ದಿನಗಳ ಸಾವು ಶೇ 58.5ರಿಂದ ಶೇ 45.8ಕ್ಕೆ ಇಳಿದುದು 2024ರ 'ಡೇಂಜರ್ ಶಾಕ್' ಪ್ರಯೋಗದಲ್ಲಿ. ರಕ್ತಸ್ರಾವದಂತಹ ತೊಡಕುಗಳು ಮಾತ್ರ ಅದರಲ್ಲಿ ಹೆಚ್ಚಿದ್ದವು.

ಸ್ಟೆಂಟ್ ಅರಳಿತೇ?

ಕಿರುನಾಳಗಳ ಮಾತು ಬಿಟ್ಟು ದೊಡ್ಡ ನಾಳಕ್ಕೆ ಮರಳೋಣ. ಇಲ್ಲಿಯ ತಪ್ಪುಗಳು ಬಹುಮಟ್ಟಿಗೆ ತಡೆಯಬಹುದಾದವು. ಸ್ಟೆಂಟ್ ಪೂರ್ತಿ ಅರಳದಿರುವುದು, ಗೋಡೆಗೆ ಅಂಟದಿರುವುದು, ಅದರ ಅಂಚಿನಲ್ಲಿ ಧಮನಿಯ ಒಳಪದರ ಸೀಳುವುದು, ಪಕ್ಕದ ಕವಲಿನ ಬಾಯಿ ಮುಚ್ಚುವುದು ಇವು ಮುಖ್ಯ. ಸುಣ್ಣಗಟ್ಟಿದ ಧಮನಿಯಲ್ಲಿ ಸ್ಟೆಂಟ್ ಅರಳುವುದು ಕಷ್ಟ; ಹಾಗೆಂದು ಮೊದಲು ಸುಣ್ಣವನ್ನು ಒಡೆಯದೆ ಸ್ಟೆಂಟ್ ಕೂರಿಸಿಬಿಟ್ಟರೆ ಆಮೇಲೆ ಸರಿಪಡಿಸುವುದು ಇನ್ನೂ ಕಷ್ಟ. ಆಂಜಿಯೊಗ್ರಾಂ ನಾಳದ ನೆರಳನ್ನಷ್ಟೇ ತೋರಿಸುವುದರಿಂದ ಇಂಥ ದೋಷಗಳು ಕಣ್ತಪ್ಪುತ್ತವೆ. ಧಮನಿಯೊಳಗಿಂದಲೇ ಚಿತ್ರ ತೆಗೆಯುವ ಅಲ್ಟ್ರಾಸೌಂಡ್ ಹಾಗೂ ಬೆಳಕಿನ ಸ್ಕ್ಯಾನ್ ವಿಧಾನಗಳನ್ನು ಜಟಿಲ ಪ್ರಕರಣಗಳಲ್ಲಿ ಬಳಸಬೇಕೆಂದು ಯುರೋಪಿನ 2024ರ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡಿದೆ. ಇದರ ಖರ್ಚು ರೋಗಿಯ ಬಿಲ್ಲಿಗೆ ಸೇರುವುದರಿಂದ ಎಲ್ಲೆಡೆ ಇದು ಪಾಲನೆಯಾಗುತ್ತಿಲ್ಲ ಎಂಬುದು ಗುಟ್ಟೇನಲ್ಲ.

ಒತ್ತಡ ಅಳೆಯುವ ತಂತಿಯ ಪರೀಕ್ಷೆಯೂ ಉಪಯುಕ್ತ. ಅಡೆತಡೆಯ ಆಚೆಗಿನ ಒತ್ತಡವನ್ನು ಮಹಾಧಮನಿಯ ಒತ್ತಡದಿಂದ ಭಾಗಿಸಿದಾಗ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಅಡೆತಡೆ ಹರಿವನ್ನು ನಿಜವಾಗಿ ಕುಗ್ಗಿಸುತ್ತಿದೆ ಎಂದರ್ಥ. ಕಣ್ಣಿಗೆ ಕಂಡ ಬ್ಲಾಕ್‌ಗಳಿಗೆಲ್ಲ ಸ್ಟೆಂಟ್ ಹಾಕುವುದಕ್ಕಿಂತ ಹೀಗೆ ಅಳೆದು ಹಾಕುವುದು ಒಳಿತೆಂದು 2009ರ 'ಫೇಮ್' ಪ್ರಯೋಗ ತೋರಿಸಿತು. ಸ್ಟೆಂಟ್ ಹಾಕಿದ ಮೇಲೂ ಇದೇ ಅಳತೆ ಕಡಿಮೆ ಉಳಿದರೆ ಎಲ್ಲೋ ಕೊರತೆಯಿದೆ ಎಂದಾಯಿತು. ಧಮನಿಯ ಉದ್ದಕ್ಕೂ ರೋಗ ಹರಡಿಕೊಂಡವರಲ್ಲಿ ಒಂದು ಕಡೆ ಸರಿಪಡಿಸಿದ ಮಾತ್ರಕ್ಕೆ ಹರಿವು ಸಹಜವಾಗುವುದಿಲ್ಲ.

ಮನೆಗೆ ಹೋದ ಮೇಲೆ

ಲೋಹದ ಜಾಲರಿ ರಕ್ತಕ್ಕೆ ಪರಕೀಯ ವಸ್ತು. ಧಮನಿಯ ಒಳಪದರ ಅದರ ಮೇಲೆ ಬೆಳೆದು ಮುಚ್ಚುವವರೆಗೆ ಪ್ಲೇಟ್‌ಲೆಟ್‌ಗಳು ಅಂಟಿ ದಿಢೀರ್ ಹೆಪ್ಪುಗಟ್ಟುವ ಭೀತಿ ಇದ್ದೇ ಇರುತ್ತದೆ. ಇದನ್ನು ತಡೆಯಲೆಂದೇ ಆಸ್ಪಿರಿನ್ ಜತೆಗೆ ಕ್ಲೊಪಿಡೊಗ್ರೆಲ್, ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲರ್ ಮಾತ್ರೆಗಳಲ್ಲಿ ಒಂದನ್ನು ಕೊಡುವುದು. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ 12 ತಿಂಗಳು, ಹೃದಯಾಘಾತವಿಲ್ಲದೆ ಸ್ಟೆಂಟ್ ಹಾಕಿಸಿಕೊಂಡವರಿಗೆ 6 ತಿಂಗಳು ಎಂಬುದು ವಾಡಿಕೆ. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ಅವಧಿ ಕಡಿಮೆ ಮಾಡುವುದೂ ಉಂಟು. ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡ 2,229 ರೋಗಿಗಳನ್ನು ಗಮನಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೆಂಟ್ ಹೆಪ್ಪುಗಟ್ಟುವುದಕ್ಕೆ ಅತ್ಯಂತ ಪ್ರಬಲ ಸೂಚನೆಯಾಗಿ ಕಂಡದ್ದು ಮಾತ್ರೆಗಳನ್ನು ಅವಧಿಗೆ ಮುನ್ನ ನಿಲ್ಲಿಸುವುದು. ಹಲ್ಲು ಕೀಳಿಸಲು, ಕಣ್ಣಿನ ಪೊರೆ ತೆಗೆಸಲು ಹೋದಾಗ ಹೃದ್ರೋಗ ತಜ್ಞರನ್ನು ಕೇಳದೆ ಮಾತ್ರೆ ಬಿಡುವವರು ಈ ಅಂಶವನ್ನು ಗಮನಿಸಬೇಕು. ದುಬಾರಿಯೆಂದು ದಿನ ಬಿಟ್ಟು ದಿನ ನುಂಗುವುದೂ ಬಿಟ್ಟಂತೆಯೇ.

ಕ್ಲೊಪಿಡೊಗ್ರೆಲ್‌ಗೆ ಇನ್ನೊಂದು ತೊಡಕಿದೆ. ಯಕೃತ್ತಿನಲ್ಲಿ ಪರಿವರ್ತನೆಗೊಂಡ ಮೇಲೆಯೇ ಅದು ಕೆಲಸ ಮಾಡುವುದು. ಈ ಪರಿವರ್ತನೆಯನ್ನು ಕುಂದಿಸುವ ವಂಶವಾಹಿ ವ್ಯತ್ಯಾಸ ದಕ್ಷಿಣ ಏಷ್ಯಾದವರಲ್ಲಿ ಅಪರೂಪವಲ್ಲ. ಹೃದಯಾಘಾತದ ಸಮಯದಲ್ಲಿ ನೋವಿಗೆ ಕೊಡುವ ಮಾರ್ಫಿನ್ ಸಹ ಹೊಟ್ಟೆಯ ಚಲನೆಯನ್ನು ನಿಧಾನಿಸಿ ಈ ಮಾತ್ರೆಗಳ ಪರಿಣಾಮವನ್ನು ತಡಮಾಡುತ್ತದೆ. ಕೆಲವು ಕಡೆ ಮಾತ್ರೆಯನ್ನು ಪುಡಿ ಮಾಡಿ ಕುಡಿಸುವುದು ಇದರಿಂದಾಗಿ.

ತಿಂಗಳುಗಳ ಬಳಿಕ ಸ್ಟೆಂಟ್‌ನೊಳಗೆ ಅಂಗಾಂಶ ಬೆಳೆದು ನಾಳ ಮತ್ತೆ ಕಿರಿದಾಗುವುದು ಬೇರೆ ಬಗೆಯ ತೊಂದರೆ. ಬರಿ ಲೋಹದ ಸ್ಟೆಂಟ್‌ಗಳಲ್ಲಿ ಶೇ 20ರಿಂದ 30ರಷ್ಟಿದ್ದ ಈ ಪ್ರಮಾಣ ಔಷಧ ಲೇಪಿತ ಸ್ಟೆಂಟ್‌ಗಳಿಂದ ಶೇ 10ಕ್ಕಿಂತ ಕೆಳಗಿಳಿದಿದೆ. ಭಾರತದಲ್ಲಿ 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ದರ ಪ್ರಾಧಿಕಾರವು ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿಯ ಮಿತಿ ಹಾಕಿದ ಮೇಲೆ ಇವು ಮಧ್ಯಮ ವರ್ಗದ ಕೈಗೂ ಎಟುಕಿದವು.

ಇಷ್ಟೆಲ್ಲ ಸರಿಯಿದ್ದೂ ಐವರಲ್ಲಿ ಒಬ್ಬರಿಗಾದರೂ ಎದೆನೋವು ಮರುಕಳಿಸುತ್ತದೆ. ಮತ್ತೊಮ್ಮೆ ಆಂಜಿಯೊಗ್ರಾಂ ಮಾಡಿದಾಗ ಸ್ಟೆಂಟ್ ತೆರೆದೇ ಇರುತ್ತದೆ, 'ನಿಮಗೇನೂ ಇಲ್ಲ, ಮನಸ್ಸಿನ ಭಯ' ಎಂಬ ಮಾತಿನೊಂದಿಗೆ ರೋಗಿಯನ್ನು ಕಳುಹಿಸಲಾಗುತ್ತದೆ. ಮಹಿಳೆಯರಿಗೆ ಈ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಆದರೆ ಕಿರುನಾಳಗಳ ದೌರ್ಬಲ್ಯ ಅಥವಾ ಧಮನಿಯ ಸೆಟೆತ ಆ ನೋವಿಗೆ ಕಾರಣವಾಗಿರಬಹುದು. ತಂತಿಯ ಮೂಲಕವೇ ಕಿರುನಾಳಗಳ ಪ್ರತಿರೋಧವನ್ನು ಅಳೆಯುವ ಪರೀಕ್ಷೆ ಈಗ ಲಭ್ಯವಿದ್ದು, ಹೃದಯಾಘಾತದ ನಂತರ ಈ ಸೂಚ್ಯಂಕ 40ಕ್ಕಿಂತ ಹೆಚ್ಚಿದ್ದವರ ಮುಂದಿನ ದಿನಗಳು ಕಠಿಣವೆಂದು ತಿಳಿದುಬಂದಿದೆ.

ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಕೊನೆಯ ಹರಿವಿನ ಟಿಮಿ ದರ್ಜೆ, ಎಕೊ ಪರೀಕ್ಷೆಯಲ್ಲಿ ಹೃದಯದ ಪಂಪು ಮಾಡುವ ಶಕ್ತಿಯ ಶೇಕಡಾವಾರು, ಹಾಕಿದ ಸ್ಟೆಂಟ್‌ನ ಉದ್ದ ಮತ್ತು ವ್ಯಾಸ, ಎರಡು ಪ್ಲೇಟ್‌ಲೆಟ್ ವಿರೋಧಿ ಮಾತ್ರೆಗಳನ್ನು ಯಾವ ದಿನಾಂಕದವರೆಗೆ ನುಂಗಬೇಕು ಎಂಬ ವಿವರಗಳು ಸಾಮಾನ್ಯವಾಗಿ ನಮೂದಾಗಿರುತ್ತವೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬಹುದು. ಮನೆಗೆ ಬಂದ ಮೇಲೆ ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬಂದು ಕೆಲವೇ ನಿಮಿಷಗಳಲ್ಲಿ ಶಮನವಾಗದಿದ್ದರೆ, ಬೆವರು, ಉಸಿರಾಟದ ತೊಂದರೆ ಜತೆಗೂಡಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಆ ಪತ್ರದೊಂದಿಗೆ ತೆರಳಬೇಕಾಗುತ್ತದೆ.